ಎಲೆ ಅಡಿಕೆಯ ನೀರು

ಅಂಗಳದಲ್ಲಿ ಹೊಸ ಮೀಟರು ಕೂರಿಸಿದ ದಿನವೇ ಗಿರೀಶ ಅದನ್ನು ಒಡೆದು ಹಾಕಿದ. ಒಡೆಯಲು ಅವನು ಕಲ್ಲು ಹುಡುಕಲಿಲ್ಲ, ಸುತ್ತಿಗೆ ಕೇಳಲಿಲ್ಲ. ದೇವರ ಗೂಡಿನ ಪಕ್ಕ ಒರಗಿಸಿಟ್ಟಿದ್ದ ನೀರು ಬಿಡುವ ಚಾವಿಯನ್ನೇ ಎತ್ತಿಕೊಂಡು ಬಂದ. ಎದೆಮಟ್ಟದ ಕಬ್ಬಿಣದ ಸಲಾಕೆ ಅದು. ಮೇಲೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ಅಡ್ಡಪಟ್ಟಿ, ಕೆಳಗೆ ರಸ್ತೆಯ ಗುಂಡಿಯೊಳಗಿನ ವಾಲ್ವಿಗೆ ಕೂರುವ ಚೌಕದ ಬಾಯಿ. ಮೊದಲ ಏಟಿಗೆ ಗಾಜು ಹೋಯಿತು. ಎರಡನೆಯ ಏಟಿಗೆ ಪೈಪಿನ ಜೋಡಣೆಯೇ ಕಿತ್ತು ನೀರು ಸೂರಿನೆತ್ತರಕ್ಕೆ ಚಿಮ್ಮಿತು.

"ಲೇ, ತಲಿ ಕೆಟ್ಟೈತೇನೋ ನಿಂಗೆ?" ಎಂದು ಒಳಗಿನಿಂದ ಓಡಿ ಬಂದ ಅಣ್ಣ ಯತೀಶ ತಮ್ಮನ ರಟ್ಟೆ ಹಿಡಿದ. ಸೊರಬದ ಕೃಷಿ ಕಚೇರಿಗೆ ಹೊರಡಲು ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಗಿರೀಶ ತಿರುಗಿದ ರಭಸಕ್ಕೆ ಚಾವಿಯ ಅಡ್ಡಪಟ್ಟಿ ಅವನ ಹುಬ್ಬಿಗೆ ಬಡಿದು ಅಂಗಿಯ ಎದೆಯೆಲ್ಲ ಕೆಂಪಾಯಿತು.

"ಅಯ್ಯಯ್ಯೋ! ಒಡಹುಟ್ಟಿದೋನ ರಕ್ತ ಕಂಡ್ಯಲ್ಲೋ!" ತಾಯಿ ಮಾಳಮ್ಮ ಒಲೆಯ ಮೇಲಿನ ರೊಟ್ಟಿ ಬಿಟ್ಟು ಅರಿಶಿನದ ಡಬ್ಬಿ ಹಿಡಿದು ಓಡಿ ಬಂದಳು.

ಇಷ್ಟೆಲ್ಲ ಆಗುವಾಗ ಮನೆಯ ಯಜಮಾನ ಲೋಕಪ್ಪ ಕಟ್ಟೆಯ ಮೇಲೆ ಕೂತು ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದ. ಅವನು ಏಳಲೂ ಇಲ್ಲ, ಬೈಯಲೂ ಇಲ್ಲ. "ನೀರಿನ ಮನಿಗೇ ಮೀಟರು ಹಾಕಿದ್ರೆ ಮತ್ತೇನಾಗ್ತತಿ" ಎಂದಷ್ಟೇ ಹೇಳಿ ಹೋಳನ್ನು ಬಾಯಿಗೆ ಹಾಕಿಕೊಂಡ.

ಶಿಕಾರಿಪುರದ ಬಾವಿಕಟ್ಟೆ ಓಣಿಯಲ್ಲಿ ಅದಕ್ಕೆ ನೀರಿನ ಮನೆ ಎಂದೇ ಹೆಸರು. ಕುರಿ ಮಾರಿ ಊರು ಸೇರಿದ ಲೋಕಪ್ಪ ನೀರಗಂಟಿಯಾದ. ಮೂವತ್ತು ವರ್ಷ ಆ ಚಾವಿ ಹೊತ್ತು ಓಣಿ ಓಣಿಗೆ ನೀರು ಬಿಟ್ಟ. ಮೊಣಕಾಲು ಸೋತ ಮೇಲೆ ಚಾವಿ ಕಿರಿಮಗ ಗಿರೀಶನ ಹೆಗಲಿಗೆ ಬಂತು. ಎರಡು ದಿನಕ್ಕೊಮ್ಮೆ ಬರುವ ನೀರು ಯಾರ ಮನೆಗೆ ಎಷ್ಟು ಹೊತ್ತು ಎಂಬುದು ಆ ಕೈಯಲ್ಲಿತ್ತು. ಹಾಗಾಗಿ ಆ ಓಣಿಯಲ್ಲಿ ಒಂದು ರೂಢಿ ಬೆಳೆದಿತ್ತು: ಯಾರ ಮನೆಯಲ್ಲಿ ಮದುವೆಯಿರಲಿ, ನಾಮಕರಣವಿರಲಿ, ಸೋದರಮಾವನ ಮನೆಗೆ ಹೇಳುವ ಮೊದಲು ನೀರಿನ ಮನೆಗೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಹೇಳಬೇಕು. ಲೋಕಪ್ಪ ಎಲೆ ಅಡಿಕೆ ಮುಟ್ಟಿದರೆ ಅವತ್ತು ಆ ಓಣಿಗೆ ನೀರಿಗೆ ಬರವಿಲ್ಲ. ಜಾತಿ, ಅಂತಸ್ತು ಯಾವುದೂ ಆ ತಟ್ಟೆಗೆ ಅಡ್ಡ ಬರುತ್ತಿರಲಿಲ್ಲ. ಕುರಿ ಕಾಯ್ದವನ ಮಗನಿಗೆ ಅದು ಸಣ್ಣ ಮಾತಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಸುಮಾ. ಸೊರಬದ ಉಳವಿಯ ಹುಡುಗಿ, ಇಂಜಿನಿಯರ್, ಯತೀಶನ ಹೆಂಡತಿ. ಊರಿನ ನೀರು, ಒಳಚರಂಡಿ ಎರಡನ್ನೂ ಹೊಸದು ಮಾಡುವ ಕೆಲಸಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡಿದ್ದರು. ದಿನವಿಡೀ ನೀರು, ಮನೆ ಮನೆಗೆ ಮೀಟರು, ಪಾಯಖಾನೆ ಗುಂಡಿಗಳ ಬದಲು ನೆಲದಡಿಯ ಚರಂಡಿ. ಮೊದಲು ಒಂದು ಓಣಿಯಲ್ಲಿ ಮಾಡಿ ತೋರಿಸಬೇಕಿತ್ತು. ಅಲ್ಲಿ ಗೆದ್ದರೆ ಇಡೀ ಊರಿಗೆ, ಸೋತರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಸುಮಾ ತನ್ನದೇ ಓಣಿಯನ್ನು ಆರಿಸಿಕೊಂಡಳು. ತನ್ನ ಮನೆಯವರು ಬೆನ್ನಿಗೆ ನಿಲ್ಲುತ್ತಾರೆ ಎಂದು ನಂಬಿದ್ದಳು, ಪಾಪ.

ಮಧ್ಯಾಹ್ನ ಮನೆಗೆ ಬಂದವಳು ಒಡೆದ ಮೀಟರು ನೋಡಿದಳು, ಗಂಡನ ಹುಬ್ಬಿನ ಪಟ್ಟಿ ನೋಡಿದಳು. ಕೈ ತೊಳೆದು ಎಲ್ಲರ ಜೊತೆ ಊಟಕ್ಕೆ ಕೂತಳು.

"ಗಿರೀಶ, ಪಂಪ್‌ಹೌಸಲ್ಲಿ ನಿಂಗೆ ಕೆಲಸ ಇಟ್ಟಿದೀನಿ ಅಂತ ಹೇಳಿದ್ನಲ್ಲ. ಇಲ್ಲಾ ಮೀಟರ್ ನೋಡೋ ಕೆಲಸ ತಗೋ. ಎಂತಕ್ಕೆ ಹೊಡೆದಾಟ?"

"ಊರು ನನ್ನ ಬಾಗ್ಲಿಗೆ ಬರ್ತಿತ್ತು ಅತ್ತಿಗೆ. ಈಗ ನಾನು ಮನಿ ಮನಿ ಬಾಗ್ಲಿಗೆ ಹೋಗಿ ಅಂಕಿ ನೋಡ್ಲಾ?"

"ಚಾವಿ ಆಫೀಸಿಗೆ ಒಪ್ಪಿಸಿಬಿಡು. ಪೈಪು ಇನ್ನು ಯಾವತ್ತೂ ಖಾಲಿ ಆಗ್ಬಾರದು. ಪಕ್ಕದಲ್ಲೇ ಚರಂಡಿಗೆ ಅಗೆದಿದಾರೆ, ಪಾಯಖಾನೆ ಗುಂಡಿಗಳೆಲ್ಲ ಒಡೆದು ಹೊಲಸು ನಿಂತಿದೆ. ಪೈಪಲ್ಲಿ ಒತ್ತಡ ಇರೋ ತನಕ ಅದು ಒಳಗೆ ಬರಲ್ಲ. ಖಾಲಿ ಆಯ್ತೋ, ಸಂದಿಯಿಂದ ಎಳ್ಕೊಂಡುಬಿಡುತ್ತೆ."

ಲೋಕಪ್ಪ ನಕ್ಕ. "ಮೂವತ್ತು ವರ್ಷ ದಿನಾ ಖಾಲಿ ಮಾಡೀನಿ, ದಿನಾ ತುಂಬೀನಿ. ಯಾರು ಸತ್ರವ್ವಾ?"

"ಮಳೆಗಾಲ ಬಂದ್ರೆ ಓಣಿ ತುಂಬಾ ವಾಂತಿ ಭೇದಿ ಆಗ್ತಿತ್ತಲ್ಲ ಮಾವ. ಅದು ಎಲ್ಲಿಂದ ಬರ್ತಿತ್ತು ಅಂದ್ಕೊಂಡ್ರಿ?"

ಲೋಕಪ್ಪನ ತಟ್ಟೆ ಹಾರಿ ಗೋಡೆಗೆ ಬಿತ್ತು. ಬದನೆಕಾಯಿ ಎಣ್ಣೆಗಾಯಿ ಸುಣ್ಣದ ಮೇಲೆ ಇಳಿಯಿತು. "ನನ್ನ ಕೈ ನೀರಿಗೆ ರೋಗ ಅಂತೀಯಾ? ಉಳವಿಯಿಂದ ಬಂದು ನನಗೆ ಹೇಳ್ತೀಯಾ?"

"ಚಾವಿ ದೇವರ ಹತ್ರ ಐತಿ ಸುಮಾ. ಆಯುಧಪೂಜೆ ಒಂದು ಮುಗೀಲಿ, ಆಮ್ಯಾಲೆ ಒಯ್ಯಿ" ಎಂದು ಮಾಳಮ್ಮ ಗೋಡೆ ಒರೆಸುತ್ತಾ ಬೇಡಿಕೊಂಡಳು.

ಸುಮಾ ಅತ್ತೆಯ ಮುಖ ನೋಡಿ ಒಪ್ಪಿದಳು. ಕಚೇರಿಯಲ್ಲಿ ಯಾರ ಮುಲಾಜಿಗೂ ಬೀಳದವಳು ಅಡಿಗೆಮನೆಯಲ್ಲಿ ಸೋತಳು. ಅವಳು ಮಾಡಿದ ತಪ್ಪೆಂದರೆ ಇದೊಂದೇ. ಆದರೆ ಅದೇ ದೊಡ್ಡದು.

ಮುರಿದ ಮೀಟರಿನ ಜಾಗದಲ್ಲಿ ಬೇರೆಯದು ಬಂತು. ಆಷಾಢ ಕಳೆಯುವ ಹೊತ್ತಿಗೆ ಓಣಿಯಲ್ಲಿ ಯಾವಾಗ ನಲ್ಲಿ ತಿರುಗಿಸಿದರೂ ನೀರು. ಹೆಂಗಸರು ಕೊಡ, ಡ್ರಮ್ಮುಗಳನ್ನು ಅಟ್ಟಕ್ಕೆ ಹಾಕಿದರು. ಗಿರೀಶನ ಹೆಂಡತಿ ಮಧುಶ್ರೀಯ ಸಂತೋಷಕ್ಕಂತೂ ಪಾರವಿಲ್ಲ. ನೀರಿನ ಮನೆಯ ಸೊಸೆಯಾದರೂ ಹಂಡೆ, ಕೊಳಗ, ತೊಟ್ಟಿ ತುಂಬಿಸಿ ಸೊಂಟ ಬಿದ್ದುಹೋಗಿದ್ದು ಅವಳದ್ದೇ.

"ಅಕ್ಕಾ, ಈಗ ನೀರು ಬರಾ ದಿನ ಅಂತ ತವರಿಗೆ ಹೋಗಾದು ಬಿಡಾಂಗಿಲ್ಲ ನೋಡು" ಎಂದು ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಸುಮಾಳ ಹತ್ತಿರ ನಕ್ಕಳು. ಹಿಂದೆಯೇ ಗಿರೀಶ ನಿಂತಿದ್ದ. ಅವಳ ಜಡೆ ಹಿಡಿದು ಎಳೆದು ತೊಟ್ಟಿಯ ಅಂಚಿಗೆ ಮುಖ ಕುಕ್ಕಿದ. ತುಟಿ ಸೀಳಿತು.

"ನನ್ನ ಕೂಳು ಹೋತು ಅಂತ ನಗ್ತೀಯೇನೇ?"

"ಕೈ ತೆಗಿ!" ಎಂದು ಸುಮಾ ಸೌಟಿನಿಂದ ಅವನ ಮಣಿಕಟ್ಟಿಗೆ ಹೊಡೆದಳು. ಅವನು ಅವಳನ್ನೂ ನೂಕಿದ. ಮಾಳಮ್ಮ ನಡುವೆ ಬಂದು ಮಗನನ್ನು ಹೊರಗೆ ದಬ್ಬಿದಳು, ಆಮೇಲೆ ಸೊಸೆಯಂದಿರ ಕಡೆ ತಿರುಗಿ "ಗಂಡಸಿನ ಮುಂದೆ ಹಲ್ಲು ಕಿಸಿಯೋದು ಯಾಕೆ ಅಂತೀನಿ" ಎಂದಳು. ಅವಳ ನ್ಯಾಯ ಯಾವಾಗಲೂ ಹೀಗೆಯೇ.

ಶ್ರಾವಣದಲ್ಲಿ ಎದುರುಮನೆ ಸಿದ್ಧಲಿಂಗೇಶನ ಮಗಳ ಮದುವೆ ಗೊತ್ತಾಯಿತು. ಓಣಿಯ ವಾಲ್ವಿನ ಗುಂಡಿ ಇದ್ದದ್ದು ಅವರ ಮನೆ ಮುಂದೆಯೇ. ಲೋಕಪ್ಪ ಅಲ್ಲಿ ಚಾವಿ ತಿರುಗಿಸಲು ಹೋದಾಗಲೆಲ್ಲ ಸಿದ್ಧಲಿಂಗೇಶನ ತಾಯಿ ಅಕ್ಕನಾಗಮ್ಮ ಒಂದು ಚೊಂಬು ಮಜ್ಜಿಗೆ ತಂದುಕೊಡುತ್ತಿದ್ದಳು. "ಕುಡೀ ಲೋಕಪ್ಪ, ಬಿಸಿಲು" ಎನ್ನುತ್ತಿದ್ದಳು. ಮಳೆಗಾಲದಲ್ಲೂ ಹಾಗೇ ಅನ್ನುತ್ತಿದ್ದಳು.

ಸಿದ್ಧಲಿಂಗೇಶ ಮದುವೆಯ ಕರೆಯೋಲೆ ತಂದು ಯತೀಶನ ಕೈಗೆ ಕೊಟ್ಟ. ಸುಮಾಳಿಗೂ ಬರಬೇಕೆಂದ. ಕಾಫಿ ಕುಡಿದು ಎದ್ದು ಹೋದ. ತಟ್ಟೆಯಿಲ್ಲ, ಎಲೆ ಅಡಿಕೆಯಿಲ್ಲ.

ರೊಟ್ಟಿ ಮುರಿಯುತ್ತಾ ಲೋಕಪ್ಪ ಅಂದ: "ನೋಡಿದ್ಯಾ ಮಾಳೀ? ಕಾಗದ ಕೊಟ್ಟು ಹೋದ. ನನ್ನ ಮುಖ ಸೈತ ನೋಡ್ಲಿಲ್ಲ."

"ನಲ್ಲಿಲಿ ನೀರೈತಿ. ಕೇಳಾದು ಏನೈತಿ ಈಗ?" ಎಂದ ಯತೀಶ.

"ನೀರಿಗಲ್ಲೋ. ಮರ್ಯಾದಿಗೆ. ನನಗೆ ಕಾಲಿದ್ದಿದ್ರೆ ಮದುವಿ ದಿನ ತೋರಿಸ್ತಿದ್ದೆ, ನೀರಂದ್ರೆ ಏನು ಅಂತ. ಈಗಿನೋರಿಗೆ ಎಲ್ಲಿ ಬರ್ಬೇಕು ಆ ಗಂಡಸ್ತನ."

ಗಿರೀಶ ಊಟದಿಂದ ತಲೆ ಎತ್ತಲಿಲ್ಲ. ಆದರೆ ತಿನ್ನುವುದನ್ನು ನಿಲ್ಲಿಸಿದ.

ಮದುವೆಯ ಹಿಂದಿನ ದಿನ ಸುಮಾ ಸಭೆಗೆಂದು ಶಿವಮೊಗ್ಗಕ್ಕೆ ಹೋದಳು. ಮದುವೆಯ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಗಿರೀಶ ಗೂಡಿನ ಪಕ್ಕದ ಚಾವಿಗೆ ಕೈ ಹಾಕಿದ. ಮಾಳಮ್ಮ ಯಾಕೆಂದು ಕೇಳಲಿಲ್ಲ. ಚಾವಿ ಹೊರಡುವಾಗ ಅದಕ್ಕೆ ಬೀರಪ್ಪ ದೇವರ ಅರಿಶಿನ, ಭಂಡಾರ ಹಚ್ಚುವುದು ಮನೆಯ ಪದ್ಧತಿ, ಹಚ್ಚಿದಳು. ಕಸ ಗುಡಿಸುತ್ತಿದ್ದ ಮಧುಶ್ರೀ ಎಲ್ಲ ನೋಡಿದಳು. "ಅತ್ತಿ, ಅಕ್ಕ ಬ್ಯಾಡ ಅಂದಿದ್ಳು" ಎಂದಳು.

"ಸ್ವಲ್ಪ ಹೊತ್ತು ಮುಚ್ಚಿದ್ರೆ ಯಾರ ಗಂಟು ಹೋಗ್ತತಿ. ನೀ ಬಾಯಿ ಮುಚ್ಚು."

ಸಿದ್ಧಲಿಂಗೇಶನ ಚಪ್ಪರದಲ್ಲಿ ಅಕ್ಕಿ ತೊಳೆಯುತ್ತಿರುವಾಗಲೇ ನಲ್ಲಿ ನಿಂತಿತು. ಡ್ರಮ್ಮುಗಳು ಅಟ್ಟದಲ್ಲಿ, ತೊಟ್ಟಿಗಳು ಒಣ. ಅಡಿಗೆಯವರು ಕೂಗಾಡಿದರು. ಗಂಡಿನ ಕಡೆಯವರು ಮುಖ ತೊಳೆಯಲು ನೀರಿಲ್ಲವೆಂದು ಎಗರಾಡಿದರು. ಸಿದ್ಧಲಿಂಗೇಶ ಓಡೋಡಿ ಬಂದ. ಈ ಸಲ ತಟ್ಟೆಯಿತ್ತು, ಎಲೆಯಿತ್ತು, ಅಡಿಕೆಯಿತ್ತು.

"ಹೊಸ ನೀರು ನಂಬಿ ಕೆಟ್ಟೆ, ತಪ್ಪಾತು ಲೋಕಪ್ಪಣ್ಣ. ಏನಾರ ಮಾಡಿ ಮಾನ ಉಳಿಸು."

ಲೋಕಪ್ಪ ತಟ್ಟೆಯನ್ನು ನಿಧಾನವಾಗಿ ಮುಟ್ಟಿದ. ಅಷ್ಟು ಹಿಗ್ಗನ್ನು ಆ ಮನೆಯಲ್ಲಿ ಯಾರೂ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. "ಗಿರಿ, ಹೋಗಪ್ಪ. ಬಿಟ್ಟು ಬಾ."

ಗಿರೀಶ ಬಿಟ್ಟು ಬಂದ. ಮೊದಲು ಕಂದು ನೀರು ಬಂತು. "ಹೊಸ ಪೈಪಿನ ಮಣ್ಣು" ಎಂದು ಅಡಿಗೆಯವರು ಒಂದಿಷ್ಟು ಚೆಲ್ಲಿದರು, ತಿಳಿಯಾದದ್ದನ್ನು ಹಿಡಿದರು. ಓಣಿಯುದ್ದಕ್ಕೂ ಚರಂಡಿಗೆ ಅಗೆದ ಕಾಲುವೆಯಲ್ಲಿ ಮಳೆನೀರೂ ಪಾಯಖಾನೆ ಗುಂಡಿಯ ನೀರೂ ಮೊಣಕಾಲುದ್ದ ನಿಂತಿತ್ತು. ಕುಡಿಯುವ ಪೈಪು ಅದರಲ್ಲೇ ಮುಳುಗಿತ್ತು. ಪಾನಕವಾಯಿತು, ಮಜ್ಜಿಗೆಯಾಯಿತು, ಬಾಯಾರಿದವರು ಹಾಗೇ ಕುಡಿದರು. ಮಾಳಮ್ಮ ಬಡಿಸಲು ಹೋದವಳು ಅಲ್ಲೇ ಎರಡು ಲೋಟ ಪಾನಕ ಕುಡಿದಳು.

ಎರಡು ದಿನದಲ್ಲಿ ಆಸ್ಪತ್ರೆಯ ವರಾಂಡದಲ್ಲೂ ಜಾಗವಿಲ್ಲದಂತಾಯಿತು. ಮದುಮಗಳು ಗಂಡನ ಮನೆಯಿಂದ ನೇರ ಗ್ಲೂಕೋಸಿಗೆ ಬಂದಳು. ಮಾಳಮ್ಮನ ಕಣ್ಣು ಗುಳಿಬಿದ್ದವು. ಅಕ್ಕನಾಗಮ್ಮನ ಹಳೆಯ ಜೀವ ತಡೆಯಲಿಲ್ಲ. ಮೂರನೆಯ ದಿನ ಹೋಗಿಬಿಟ್ಟಳು.

ಸುಮಾ ಕಚೇರಿಯ ಪರದೆಯಲ್ಲಿ ನೋಡಿದಳು: ಮದುವೆಯ ಬೆಳಿಗ್ಗೆ ಬಾವಿಕಟ್ಟೆ ಓಣಿಯ ಒತ್ತಡ ಸೊನ್ನೆಗೆ ಇಳಿದಿತ್ತು. ಮನೆಗೆ ಬಂದು ಕೇಳಿದಳು.

"ಕರೆಂಟು ಹೋಗಿತ್ತು" ಎಂದ ಗಿರೀಶ.

"ಕರೆಂಟು ಹೋಗಿರ್ಲಿಲ್ಲ. ನಾನು ನೋಡಿ ಬಂದೆ."

ಲೋಕಪ್ಪ ಅಡಕತ್ತರಿ ಹಿಡಿದು ಕೂತಿದ್ದ. ಅಡಿಕೆ ಹೋಳಾಗಲಿಲ್ಲ. ಗೂಡಿನ ಪಕ್ಕದ ಚಾವಿಯ ಬಾಯಲ್ಲಿ ಹಸಿ ಮಣ್ಣಿತ್ತು, ಅಡ್ಡಪಟ್ಟಿಯಲ್ಲಿ ಹಳದಿ ಭಂಡಾರ.

ಅವಳಿಗೆ ಮುಂದಿನ ಮಾತಾಡಲು ಪುರುಸೊತ್ತು ಸಿಗಲಿಲ್ಲ. ಅಕ್ಕನಾಗಮ್ಮನನ್ನು ಮಣ್ಣು ಮಾಡಿದ ಜನ ಕೈ ತೊಳೆದು ನೇರ ಈ ಮನೆಗೆ ಬಂದರು. ಸಿದ್ಧಲಿಂಗೇಶ ಒಂದು ಕೊಡ ಹಿಡಿದಿದ್ದ.

"ನಿನ್ನ ನೀರು ಕಣೇ ಇದು. ಕುಡಿ! ನನ್ನ ಕಣ್ಣೆದುರಿಗೆ ಕುಡಿ!"

"ಅಣ್ಣಾ, ಒಂದು ನಿಮಿಷ ಕೇಳಿ. ಯಾರೋ ವಾಲ್ವು ಮುಚ್ಚಿ..."

ಮಾತು ಮುಗಿಯಲಿಲ್ಲ. ಕೆನ್ನೆಗೆ ಬಿದ್ದ ಏಟಿಗೆ ಅವಳು ಮೆಟ್ಟಿಲ ಮೇಲಿಂದ ಉರುಳಿದಳು. ಇಬ್ಬರು ಹೆಂಗಸರು ಕೂದಲು ಹಿಡಿದರು, ಒಬ್ಬಳು ಬಾಯಿ ಅಗಲಿಸಿ ಕೊಡ ಬಗ್ಗಿಸಿದಳು. ಇದೇ ಹೆಂಗಸರು ಒಂದು ತಿಂಗಳ ಹಿಂದೆ ಅವಳಿಗೆ ಹೂ ಮುಡಿಸಿದ್ದರು. ಬಿಡಿಸಲು ಬಂದ ಯತೀಶನ ಕೈಮೇಲೆ ಯಾರೋ ಕಲ್ಲು ಹಾಕಿದರು. ಬೆರಳ ಮೂಳೆ ಮುರಿದ ಸದ್ದು ಅಡಿಗೆಮನೆಯಲ್ಲಿದ್ದ ಮಧುಶ್ರೀಗೂ ಕೇಳಿತು. ಗಿರೀಶ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದ. ಲೋಕಪ್ಪ ಕಟ್ಟೆಯ ಮೇಲೆ ಕೂತೇ ಇದ್ದ. ಸುಮಾ ನೆಲದಿಂದ ಅವನನ್ನೇ ನೋಡಿದಳು. ಅವನು ಮುಖ ತಿರುಗಿಸಿದ.

ಹೊಸ ನೀರು ನಿಲ್ಲಿಸಿಬಿಟ್ಟರು. ಓಣಿಗೆ ಟ್ಯಾಂಕರು ಬರತೊಡಗಿತು. ಸುಮಾಳ ಮೇಲೆ ವಿಚಾರಣೆ ಎಂದು ದಿನ ಗೊತ್ತಾಯಿತು.

"ನಡಿ, ಸ್ವಲ್ಪ ದಿನ ಉಳವಿಗೆ ಹೋಗಾಣ" ಎಂದ ಯತೀಶ, ಪ್ಲಾಸ್ಟರಿನ ಕೈ ಎದೆಗೊತ್ತಿಕೊಂಡು.

"ನಾನು ಓಡಿಹೋದ್ರೆ ನಾನೇ ಕೊಂದೆ ಅಂತಾಗುತ್ತೆ. ಇನ್ನು ಈ ಊರಿಗೆ ಯಾವ ಕಾಲಕ್ಕೂ ಒಳ್ಳೆ ನೀರು ಬರಲ್ಲ. ನಾನು ಹೆಸರು ಹೇಳ್ತೀನಿ ಕಣ್ರೀ. ಇದ್ದದ್ದು ಇದ್ದ ಹಾಗೆ."

ಆಸ್ಪತ್ರೆಯಿಂದ ಬಂದು ಗಂಜಿ ಕುಡಿಯುತ್ತಿದ್ದ ಮಾಳಮ್ಮ ಲೋಟ ಕೆಳಗಿಟ್ಟಳು. "ಕಂಟ್ರಾಕ್ಟರ್ ಮ್ಯಾಲೆ ಹೇಳು ತಾಯಿ. ಅವನಿಗೇನು, ಹೊರಗಿನೋನು. ನನ್ನ ಕೂಸು ಜೈಲಿಗೆ ಹೋಗ್ತತಿ."

"ಆ ಅಜ್ಜಿ ಸತ್ತೋಯ್ತು ಅತ್ತೆ. ನೀವೂ ಸಾಯ್ತಿದ್ರಿ."

ಗಿರೀಶ ಸೂರಿನ ಸಂದಿಯಿಂದ ಕುಡುಗೋಲು ಎಳೆದು ಬಂದು ಅತ್ತಿಗೆಯ ಕುತ್ತಿಗೆಗೆ ಒತ್ತಿದ. ಚರ್ಮ ಗೀರಿ ಒಂದು ಸಾಲು ರಕ್ತ ಇಳಿಯಿತು. "ಹೇಳು ನೋಡಾಣ. ನಾಳೆ ಬಾಯಿ ಬಿಡು, ನಾಡಿದ್ದು ನಿನ್ನನ್ನೂ ಮಣ್ಣು ಮಾಡ್ತಾರೆ."

"ಮಾಡು" ಎಂದಳು ಸುಮಾ. "ಆದ್ರೂ ಹೇಳ್ತೀನಿ."

ಯತೀಶ ಮುರಿಯದ ಕೈಯಿಂದ ತಮ್ಮನ ಮುಖಕ್ಕೆ ಗುದ್ದಿದ. ಅಣ್ಣ ತಮ್ಮ ಇಬ್ಬರೂ ಒಲೆಯ ಮುಂದೆ ಉರುಳಾಡಿದರು. ಗಂಜಿಯ ಪಾತ್ರೆ ಚೆಲ್ಲಿತು. ಲೋಕಪ್ಪ ಹೊರಗೆ ಕೂತು ಎಲ್ಲ ಕೇಳುತ್ತಿದ್ದ.

ಮರುದಿನ ಸುಮಾ ವಿಚಾರಣೆಗೆ ಹೊರಟು ಮೆಟ್ಟಿಲಿಳಿಯುವ ಹೊತ್ತಿಗೆ ಓಣಿಯ ಹಿರಿಯರು ಅಂಗಳಕ್ಕೆ ಬಂದರು. ಮುಂದೆ ಸಿದ್ಧಲಿಂಗೇಶ. ಕೈಯಲ್ಲಿ ತಟ್ಟೆ.

"ಲೋಕಪ್ಪಣ್ಣ, ನಮಗೆ ಈ ಹೊಸದು ಏನೂ ಬ್ಯಾಡ. ನಿನ್ನ ಕಾಲದಾಗ ಇದ್ದಂಗೇ ಇರ್ಲಿ. ಗಿರೀಶನೇ ಚಾವಿ ಹಿಡೀಲಿ, ಎರಡು ದಿನಕ್ಕೊಮ್ಮೆ ಬಿಡ್ಲಿ ಸಾಕು. ಎಲ್ಲಾ ಸೇರಿ ಆಫೀಸಿಗೆ ಹೇಳ್ತೀವಿ. ನಮ್ಮವ್ವ ನಿನಗೆ ಮಜ್ಜಿಗಿ ಕೊಡ್ತಿದ್ಳು, ಆ ಋಣಕ್ಕಾದ್ರೂ ಹೂಂ ಅನ್ನು."

ಗಿರೀಶ ಊದಿದ ಮುಖದಲ್ಲೇ ನಕ್ಕು ಒಳಗಿನಿಂದ ಚಾವಿ ತಂದು ಅಪ್ಪನ ಪಕ್ಕ ನಿಂತ. ಅವನು ಗೆದ್ದಿದ್ದ. ಸುಮಾ ಬಾಯಿ ತೆರೆದಳು. ಅಷ್ಟರಲ್ಲಿ ಲೋಕಪ್ಪ ಕಟ್ಟೆಯಿಂದ ಇಳಿದ. ತಟ್ಟೆಗೆ ಕೈ ಚಾಚಿದ, ಆ ಕೈ ತಟ್ಟೆಯ ತನಕ ಹೋಗಲಿಲ್ಲ.

"ಇದನ್ನ ನಾನು ಹೆಂಗೆ ಮುಟ್ಟಲೋ ಸಿದ್ಧಲಿಂಗೇಶ. ನಿಮ್ಮವ್ವನ್ನ ಕೊಂದೋರು ನಾವೇ."

"ಅಪ್ಪಾ!" ಎಂದು ಗಿರೀಶ ಚೀರಿದ.

"ಮದುವಿ ದಿನ ಇವನು ವಾಲ್ವು ಮುಚ್ಚಿದ. ನಾನು ಹಚ್ಚಿಕೊಟ್ಟೆ. ನೀನು ಎಲಿ ಅಡಿಕಿ ತರ್ಬೇಕು ಅಂತ. ಪೈಪು ಖಾಲಿ ಆದ್ರೆ ಹೊಲಸು ಸೇರ್ತತಿ ಅಂತ ಈ ಸೊಸಿ ಬಡ್ಕೊಂಡಿದ್ಳು. ನಾವು ನಕ್ಕಿದ್ವಿ."

ತಟ್ಟೆ ಬಿತ್ತು. ಎಲೆ ಅಡಿಕೆ ಅಂಗಳದಲ್ಲೆಲ್ಲ ಚೆಲ್ಲಾಡಿತು. ಸಿದ್ಧಲಿಂಗೇಶ ಗಿರೀಶನ ಕೈಯಿಂದ ಚಾವಿ ಕಿತ್ತುಕೊಂಡು ಬೀಸಿದ. ಮೊದಲ ಏಟು ಮೊಣಕಾಲಿಗೆ. ಗಿರೀಶ ಕುಸಿದ. ಎರಡನೆಯದು ಹೆಗಲಿಗೆ, ಮೂರನೆಯದು ಪಕ್ಕೆಗೆ. "ಅವ್ವಾ! ಅವ್ವಾ!" ಎಂದು ಹೊಡೆಯುವವನೂ ಕೂಗುತ್ತಿದ್ದ, ಹೊಡೆಸಿಕೊಳ್ಳುವವನೂ ಕೂಗುತ್ತಿದ್ದ. ಮಾಳಮ್ಮ ನಿಂತಲ್ಲೇ ಕುಸಿದಳು. ಓಣಿಯವರು ಯಾರೂ ಮುಂದೆ ಬರಲಿಲ್ಲ.

ನಾಲ್ಕನೆಯ ಏಟು ತಲೆಗೆ ಎತ್ತಿದಾಗ ಸುಮಾ ನಡುವೆ ನುಗ್ಗಿ ಚಾವಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅಂಗೈ ಸೀಳಿತು, ಬಿಡಲಿಲ್ಲ.

"ಸಾಕಣ್ಣಾ! ಸತ್ತೋಗ್ತಾನೆ! ಪೊಲೀಸ್ರಿಗೆ ಒಪ್ಪಿಸೋಣ. ಸಾಕು!"

ಸಿದ್ಧಲಿಂಗೇಶ ಅವಳ ಮುಖ ನೋಡಿದ. ಅವನೇ ಹೊಡೆದ ಕೆನ್ನೆ ಇನ್ನೂ ನೀಲಿಯಾಗಿತ್ತು. ಅವನ ಕೈ ಸಡಿಲವಾಯಿತು. ಚಾವಿ ಸುಮಾಳ ಕೈಯಲ್ಲಿ ಉಳಿಯಿತು. ಅವನು ಮಣ್ಣಿನಲ್ಲಿ ಕೂತು ಗೊಳೋ ಎಂದು ಅತ್ತ. ಯತೀಶ ಪೊಲೀಸರಿಗೂ ಆಂಬುಲೆನ್ಸಿಗೂ ಫೋನು ಮಾಡಿದ.

ಅವರು ಬರುವ ತನಕ ಗಿರೀಶ ಅಂಗಳದಲ್ಲೇ ಬಿದ್ದಿದ್ದ. ಬಾಯಿಂದ ರಕ್ತ ಬರುತ್ತಿತ್ತು. "ಮಧೂ" ಎಂದ. "ನೀರು."

ಟ್ಯಾಂಕರಿನಲ್ಲಿ ಹಿಡಿದ ಒಂದು ಕೊಡ ನೀರು ಅಡಿಗೆಮನೆಯಲ್ಲಿತ್ತು. ಮಧುಶ್ರೀ ಅತ್ತ ಹೋಗಲಿಲ್ಲ. ಚೊಂಬು ಹಿಡಿದು ಅಂಗಳದ ನಲ್ಲಿಗೆ ಹೋಗಿ ತಿರುಗಿಸಿದಳು. ಬುಸ್ಸೆಂದು ಗಾಳಿ ಬಂತು, ನಿಂತಿತು. ಬಗ್ಗಿ, ಚೆಲ್ಲಿದ್ದ ಎಲೆ ಅಡಿಕೆಯನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿಕೊಂಡಳು. ತಟ್ಟೆಯನ್ನೂ ಖಾಲಿ ಚೊಂಬನ್ನೂ ತಂದು ಗಂಡನ ತಲೆಯ ಹತ್ತಿರ ಇಟ್ಟಳು. ಅವಳ ತುಟಿಯ ಮೇಲಿನ ಗಾಯದ ಗುರುತು ಇನ್ನೂ ಮಾಸಿರಲಿಲ್ಲ.

"ನಲ್ಲಿಲಿ ನೀರಿಲ್ಲ" ಎಂದಳು. "ಬಿಡೋರು ನೀವೇ ಅಲ್ಲೇನು? ತಗೊಳ್ರಿ, ಎಲಿ ಅಡಿಕಿ ತಂದೀನಿ."